ಪರ್ಪಾಟಕ, ಹುಚ್ಚುನೆಲಬೇವು: ಕಿರುಮೂಲಿಕೆಯೊಂದರ ನಾಮವಿಚಾರ

ಕನ್ನಡದ ಸಸ್ಯನಾಮಗಳ ವಿವೇಚನೆಯು ಹೆಚ್ಚಾಗಿ ಮರಗಳು, ಧಾನ್ಯಗಳು ಮತ್ತು ಪೂಜೆಯ ಹೂಗಳನ್ನು ಕುರಿತು ನಡೆದಿದೆ. ಹುಲ್ಲಿನ ನಡುವೆ ಬೆಳೆಯುವ ಕಿರುಗಿಡಗಳ ಹೆಸರುಗಳು ಅಷ್ಟಾಗಿ ಗಮನ ಸೆಳೆದಿಲ್ಲ. ಆದರೆ ಭಾಷೆಗಳ ಸಂಪರ್ಕ, ಶಾಸ್ತ್ರದ ಪ್ರಭಾವ ಹಾಗೂ ಜನರ ವರ್ಗೀಕರಣ ಕ್ರಮ ಇವು ಮೂರೂ ಒಂದೆಡೆ ಕಾಣಸಿಗುವುದು ಇಂತಹ ಹೆಸರುಗಳಲ್ಲಿಯೇ. ಬೆಂಗಳೂರಿನ ಉತ್ತರ ಭಾಗದ ಬಯಲುಗಳಲ್ಲಿ ಮಳೆಗಾಲದಲ್ಲಿ ಕಾಣಸಿಗುವ ಓಲ್ಡನ್‌ಲ್ಯಾಂಡಿಯಾ ಕೋರಿಂಬೋಸಾ ಎಂಬ ಗಿಡದ ಕನ್ನಡ ಹೆಸರುಗಳನ್ನು ಪ್ರಸ್ತುತ ಲೇಖನವು ಈ ದೃಷ್ಟಿಯಿಂದ ಪರಿಶೀಲಿಸುತ್ತದೆ.

ಗಿಡದ ಸ್ವರೂಪ

ಇದು ಕಾಫಿಯ ಕುಟುಂಬಕ್ಕೆ ಸೇರಿದ ಏಕವಾರ್ಷಿಕ ಮೂಲಿಕೆ. ನೆಲಕ್ಕೆ ಒರಗಿ ಅಥವಾ ತುಸು ಎದ್ದು ಕವಲೊಡೆಯುತ್ತದೆ. ಕಾಂಡಕ್ಕೆ ನಾಲ್ಕು ಏಣುಗಳಿವೆ. ಕಿರಿದಾದ ಎಲೆಗಳು ಎದುರುಬದುರಾಗಿ ಜೋಡಿಸಿಕೊಂಡಿವೆ. ಎಲೆಯ ಕಂಕುಳಿನಿಂದ ಹೊರಟ ಸಣ್ಣ ತೊಟ್ಟಿನ ತುದಿಯಲ್ಲಿ ನಾಲ್ಕು ಎಸಳಿನ ಬಿಳಿಯ ಅಥವಾ ನಸುಗೆಂಪಿನ ಹೂಗಳು ಗೊಂಚಲಾಗಿ ಅರಳುತ್ತವೆ. ಕಾಫಿಗಿಡಕ್ಕೂ ಇದಕ್ಕೂ ಗಾತ್ರದಲ್ಲಿ ಹೋಲಿಕೆಯಿಲ್ಲದಿದ್ದರೂ ಎದುರುಬದುರು ಎಲೆ, ತೊಟ್ಟುಗಳ ನಡುವಿನ ಉಪಪರ್ಣ ಮತ್ತು ಹೂವಿನ ಕೆಳಭಾಗದಲ್ಲಿರುವ ಅಂಡಾಶಯ, ಈ ಮೂರು ಲಕ್ಷಣಗಳು ಇವೆರಡರ ನಂಟನ್ನು ಸಾರುತ್ತವೆ. ಲಿನೇಯಸನು 1753ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. ಮುಂದೆ ಲಾಮಾರ್ಕನು ಇದನ್ನು ಹೆಡಿಯೋಟಿಸ್ ಕುಲಕ್ಕೆ ಸೇರಿಸಿದ್ದರಿಂದ ಗ್ರಂಥಗಳಲ್ಲಿ ಎರಡು ಹೆಸರುಗಳೂ ಬಳಕೆಗೆ ಬಂದವು. ಹೆಸರಿನ ಅಸ್ಥಿರತೆಯು ದೇಶಭಾಷೆಗಳಿಗೆ ಮಾತ್ರ ಮೀಸಲಾದುದಲ್ಲವೆಂಬುದಕ್ಕೆ ಇದು ನಿದರ್ಶನ.

ಶಾಸ್ತ್ರದ ಹೆಸರು

ಕನ್ನಡದ ಮೂಲಿಕಾಪಟ್ಟಿಗಳಲ್ಲಿ ಈ ಗಿಡಕ್ಕೆ ಪರ್ಪಾಟಕ, ಹುಚ್ಚುನೆಲಬೇವು ಎಂಬ ಹೆಸರುಗಳು ದೊರೆಯುತ್ತವೆ. ಮೊದಲನೆಯದು ಸಂಸ್ಕೃತದ ‘ಪರ್ಪಟ’ದಿಂದ ಬಂದುದು. ಸಂಸ್ಕೃತದಲ್ಲಿ ಇದೇ ಶಬ್ದಕ್ಕೆ ತೆಳುವಾದ ಗರಿಗರಿ ತಿನಿಸು ಎಂಬ ಅರ್ಥವೂ ಉಂಟು. ಆ ತಿನಿಸಿನ ಕನ್ನಡ ಹೆಸರು ‘ಹಪ್ಪಳ’. ಈ ಶಬ್ದದ ಮೂಲ ಸಂಸ್ಕೃತವೋ ದ್ರಾವಿಡವೋ ಎಂಬ ಚರ್ಚೆಯನ್ನು ಬದಿಗಿರಿಸಿದರೂ ಒಂದು ವ್ಯತ್ಯಾಸ ಸ್ಪಷ್ಟವಾಗಿದೆ. ಅಡುಗೆಮನೆಯ ಶಬ್ದವು ಪಾಲು-ಹಾಲು, ಪೂ-ಹೂ ಎಂಬಲ್ಲಿ ಕಾಣುವ ಪಕಾರ-ಹಕಾರ ಪರಿವರ್ತನೆಗೆ ಒಳಗಾಗಿದೆ. ಮೂಲಿಕೆಯ ಶಬ್ದ ಒಳಗಾಗಿಲ್ಲ. ರಕಾರದ ಒತ್ತಕ್ಷರವೂ ಕೊನೆಯ ಪ್ರತ್ಯಯವೂ ಅದರಲ್ಲಿ ಹಾಗೆಯೇ ಉಳಿದಿವೆ. ಆದ್ದರಿಂದ ಅದು ಜನರ ನಾಲಗೆಯಲ್ಲಿ ಸವೆದು ಬಂದ ಶಬ್ದವಲ್ಲ, ವೈದ್ಯಗ್ರಂಥಗಳ ಮೂಲಕ ಬಂದ ಶಬ್ದವೆಂದು ಊಹಿಸಬಹುದು. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮೊದಲಾದ ಕೃತಿಗಳು ರೂಪಿಸಿದ ಕನ್ನಡದ ವೈದ್ಯಸಾಹಿತ್ಯ ಪರಂಪರೆಯನ್ನು ನೆನೆದರೆ ಇಂತಹ ಆಗಮನ ಅಸಹಜವೆನಿಸದು.

ಜನರ ಹೆಸರು

‘ಹುಚ್ಚುನೆಲಬೇವು’ ಬೇರೆ ಬಗೆಯದು. ನೆಲಬೇವು ಕಹಿಗೆ ಹೆಸರಾದ ಔಷಧಿ ಗಿಡ. ಅದರ ಕಾಂಡಕ್ಕೂ ನಾಲ್ಕು ಏಣುಗಳಿವೆ, ಎಲೆಗಳೂ ಎದುರುಬದುರಾಗಿವೆ. ಹೋಲಿಕೆಯಿದ್ದೂ ಅದಲ್ಲದ ಗಿಡ ಎಂಬುದನ್ನು ‘ಹುಚ್ಚು’ ಎಂಬ ವಿಶೇಷಣ ಸೂಚಿಸುತ್ತದೆ. ‘ಹುಚ್ಚೆಳ್ಳು’ ಶಬ್ದದ ರಚನೆಯೂ ಹೀಗೆಯೇ ಇದೆ. ತೆಲುಗಿನಲ್ಲಿ ಈ ಎರಡು ಸಸ್ಯಗಳಿಗೆ ಕ್ರಮವಾಗಿ ‘ವೆರ್ರಿನೇಲವೇಮು’, ‘ವೆರ್ರಿನುವ್ವುಲು’ ಎಂಬ ಹೆಸರುಗಳಿವೆ; ‘ವೆರ್ರಿ’ ಎಂದರೆ ಹುಚ್ಚು. ಒಂದೇ ಜೋಡಿಯಾಗಿದ್ದರೆ ಆಕಸ್ಮಿಕವೆನ್ನಬಹುದಿತ್ತು. ಎರಡು ಜೋಡಿಗಳು ಹೀಗೆ ಸರಿಹೊಂದುವುದು ಕನ್ನಡ-ತೆಲುಗು ದ್ವಿಭಾಷಿಕ ಪರಿಸರದಲ್ಲಿ ನಾಮಕರಣದ ಕ್ರಮವೇ ಹಂಚಿಕೆಯಾಗಿರುವುದನ್ನು ಸೂಚಿಸುತ್ತದೆ. ಯಲಹಂಕದ ಸುತ್ತಲಿನ ಹಳ್ಳಿಗಳು ಅಂತಹ ಪರಿಸರಕ್ಕೆ ಸೇರಿದವು. ಯಾವ ಭಾಷೆ ಯಾವುದನ್ನು ಅನುಸರಿಸಿತೆಂದು ಈ ಸಾಕ್ಷ್ಯವೊಂದರಿಂದಲೇ ಹೇಳಲಾಗದು.

ಹೆಸರು ಮತ್ತು ಔಷಧಿ

ನಾಮನಿರ್ಣಯವು ಕೇವಲ ಪಾಂಡಿತ್ಯದ ವಿಷಯವಲ್ಲ. ಚರಕಸಂಹಿತೆಯ ಜ್ವರಚಿಕಿತ್ಸೆಯಲ್ಲಿ ಬರುವ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಪರ್ಪಟವೂ ಒಂದು. ಭಾರತೀಯ ಆಯುರ್ವೇದ ಔಷಧಕೋಶವು ಈ ಹೆಸರನ್ನು ಫ್ಯೂಮೇರಿಯಾ ಎಂಬ ಬೇರೊಂದು ಕುಲದ ಗಿಡಕ್ಕೆ ನಿಗದಿಪಡಿಸಿದೆ. ಕೇರಳದ ವೈದ್ಯರು ಓಲ್ಡನ್‌ಲ್ಯಾಂಡಿಯಾವನ್ನು ಬಳಸುತ್ತಾರೆ. ಇವೆರಡರ ರಾಸಾಯನಿಕ ಘಟಕಗಳು ಒಂದೇ ಅಲ್ಲ. ಕನ್ನಡದ ಪಟ್ಟಿಗಳಲ್ಲಿ ಕಾಣುವ ‘ಕಲ್ಲುಸಬ್ಬಸಿಗೆ’ ಎಂಬ ಮೂರನೆಯ ಹೆಸರು ಈ ಗೊಂದಲಕ್ಕೆ ಬೆಳಕು ಚೆಲ್ಲುತ್ತದೆ. ಸಬ್ಬಸಿಗೆಯಂತೆ ನುಣ್ಣಗೆ ಸೀಳಿದ ಎಲೆ ಇರುವುದು ಫ್ಯೂಮೇರಿಯಾಕ್ಕೆ. ಓಲ್ಡನ್‌ಲ್ಯಾಂಡಿಯಾದ ಎಲೆ ಸೀಳದ ಇಡಿ ಎಲೆ. ಆದಕಾರಣ ಈ ಹೆಸರನ್ನು ಇದಕ್ಕೆ ಹೇಳಿರುವಲ್ಲಿ ಗಿಡವನ್ನು ನೋಡಿ ಹೆಸರಿಟ್ಟಂತಿಲ್ಲ. ‘ಪರ್ಪಟ’ವೆಂಬ ಸಮಾನ ಶೀರ್ಷಿಕೆಯಿಂದ ವರ್ಗಾವಣೆಯಾದಂತೆ ತೋರುತ್ತದೆ.

ಮುಂದಿನ ಕಾರ್ಯ

ಕಿಟ್ಟೆಲರು 1894ರ ನಿಘಂಟಿನಲ್ಲಿ ಅನೇಕ ಸಸ್ಯಗಳಿಗೆ ಲ್ಯಾಟಿನ್ ಹೆಸರುಗಳನ್ನು ಕೊಟ್ಟು ಮಾರ್ಗ ತೋರಿದರು. ರಾಮಸ್ವಾಮಿ ಮತ್ತು ರಾಜಿ ಅವರ ಬೆಂಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಇಂಗ್ಲಿಷ್ ಗ್ರಂಥವು 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಹೊರಬಂದಿತು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವು ಕನ್ನಡದ ಸೃಜನಶೀಲ ಗದ್ಯವಾಗಬಲ್ಲದೆಂದು ತೋರಿಸಿತು. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯವೂ ಯಲಹಂಕದ ಜಾರಕಬಂಡೆ ಕಾವಲಿನಲ್ಲಿ ಔಷಧಿ ಸಸ್ಯಗಳ ಸಂಗ್ರಹಾಲಯವಿರುವ ಸಂಸ್ಥೆಯೂ ಸಮೀಪದಲ್ಲಿಯೇ ಇವೆ. ಈ ಸೌಲಭ್ಯಗಳನ್ನು ಕನ್ನಡ ವಿಭಾಗಗಳು ಬಳಸಿಕೊಳ್ಳಬೇಕಾಗಿದೆ. ಹೆಸರು, ಹೇಳಿದವರ ಮನೆಮಾತು, ಊರು, ಗಿಡದ ಒಣಮಾದರಿ ಇವು ನಾಲ್ಕನ್ನೂ ಒಟ್ಟಿಗೆ ದಾಖಲಿಸಿದರೆ ಮಾತ್ರ ಜನರ ಹೆಸರು ಯಾವುದು, ಪಟ್ಟಿಯಿಂದ ಪಟ್ಟಿಗೆ ನಕಲಾದುದು ಯಾವುದು ಎಂಬ ಭೇದ ತಿಳಿದೀತು.

‘ಕಾವಲು’ ಎಂದರೆ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲು. ಯಲಹಂಕ, ಹೆಸರಘಟ್ಟದ ಸುತ್ತ ಬಯಲುಗಳು ಬಡಾವಣೆಗಳಾದಂತೆ ದನ ಮೇಯಿಸುತ್ತ ಗಿಡಗಳನ್ನು ಗುರುತಿಸುತ್ತಿದ್ದ ತಲೆಮಾರು ಕಡಿಮೆಯಾಗುತ್ತಿದೆ. ಓಲ್ಡನ್‌ಲ್ಯಾಂಡಿಯಾ ಕಳೆಯಾಗಿ ರಸ್ತೆಯ ಅಂಚಿನಲ್ಲಿಯೂ ಬದುಕಬಲ್ಲದು. ಅದರ ಕನ್ನಡ ಹೆಸರಿಗೆ ಆ ಶಕ್ತಿಯಿಲ್ಲ. ಗುರುತಿಸುವವರಿರುವಾಗಲೇ ಅದನ್ನು ಸಂಗ್ರಹಿಸಬೇಕು.