ಇಂಗ್ಲಿಷ್ ಪಾಠ: ಸ್ಥಳ ಹೇಳುವಾಗ ‘ಇನ್’, ‘ಆನ್’, ‘ಅಟ್’

ಊರಿನಲ್ಲಿ, ರಸ್ತೆಯಲ್ಲಿ, ಸ್ಟೇಷನ್ನಿನಲ್ಲಿ ಎನ್ನಲು ಕನ್ನಡಕ್ಕೆ ಸಪ್ತಮೀ ವಿಭಕ್ತಿಯ ‘ಅಲ್ಲಿ’ ಒಂದೇ ಸಾಕು. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಮೂರು ಪದಗಳು ಹಂಚಿಕೊಂಡಿವೆ. ಕಛೇರಿಯ ಕಾಗದ ಬರೆಯುವಾಗ ನಮ್ಮವರು ತಡವರಿಸುವುದು ಇಲ್ಲಿಯೇ.

1. ವಿಸ್ತಾರವಾದ ಸ್ಥಳದ ಒಳಗೆಂದರೆ ‘ಇನ್’: ‘ಐ ಲಿವ್ ಇನ್ ವೆಸ್ಟ್ ಮಾಂಬಲಂ.’

2. ರಸ್ತೆಗೆ ‘ಆನ್’: ‘ಅಯೋಧ್ಯಾ ಮಂಟಪಂ ಈಸ್ ಆನ್ ಆರ್ಯಗೌಡ ರೋಡ್.’ ಬ್ರಿಟಿಷರು ರಸ್ತೆಗೆ ‘ಇನ್’ ಎನ್ನುವುದೂ ಉಂಟು, ಅದು ತಪ್ಪಲ್ಲ.

3. ಗುರುತಿನ ಒಂದು ತಾಣಕ್ಕೆ ‘ಅಟ್’: ‘ಮೀಟ್ ಮಿ ಅಟ್ ಮಾಂಬಲಂ ಸ್ಟೇಷನ್.’ ಮನೆಯ ನಂಬರು ಸೇರಿದರೆ ರಸ್ತೆಯ ವಿಳಾಸಕ್ಕೂ ‘ಅಟ್’ ಬರುತ್ತದೆ.

4. ಎದ್ದು ಓಡಾಡಬಹುದಾದ ಬಸ್ಸು, ರೈಲುಗಳಿಗೆ ‘ಆನ್’. ಕುಳಿತೇ ಹೋಗುವ ಕಾರು, ಆಟೋಗಳಿಗೆ ‘ಇನ್’.

ಈ ಚಿಕ್ಕ ಪದ ಬದಲಾದರೆ ಅರ್ಥವೇ ಬದಲಾಗುವುದುಂಟು. ರಜೆ ಕೇಳುವ ಕಾಗದವನ್ನೇ ನೋಡಿ. ‘ಮೈ ಫಾದರ್ ಈಸ್ ಇನ್ ಹಾಸ್ಪಿಟಲ್’ ಎಂದರೆ ತಂದೆಯವರು ರೋಗಿಯಾಗಿ ದಾಖಲಾಗಿದ್ದಾರೆ ಎಂದು ಅರ್ಥ. ‘ಮೈ ಬ್ರದರ್ ಈಸ್ ಅಟ್ ದಿ ಹಾಸ್ಪಿಟಲ್’ ಎಂದರೆ ತಮ್ಮನು ಅಲ್ಲಿದ್ದಾನೆ ಎಂದಷ್ಟೆ. ಶುಶ್ರೂಷೆಗೆ ಹೋಗಿರಬಹುದು, ಔಷಧಿ ತರಲು ಹೋಗಿರಬಹುದು. ತಮ್ಮನಿಗೂ ‘ಇನ್ ಹಾಸ್ಪಿಟಲ್’ ಎಂದು ಬರೆದರೆ ಮೇಲಧಿಕಾರಿಗಳು ಇಬ್ಬರು ರೋಗಿಗಳೆಂದು ತಿಳಿಯುತ್ತಾರೆ. ಅದೇ ಮಾತು ಫೋನಿನಲ್ಲಿ ಊರಿಗೆ ಹೋದರೆ ಮನೆಯವರು ಗಾಬರಿಯಾಗಿ ರಾತ್ರಿಯ ರೈಲಿಗೇ ಹೊರಟಾರು!

ನಮ್ಮ ‘ಎದುರಿಗೆ’ ಎಂಬ ಮಾತಿಗೂ ಇಂಗ್ಲಿಷಿನಲ್ಲಿ ಎರಡು ರೂಪ. ದೇವಸ್ಥಾನದ ಮುಂದೆಯೇ, ರಸ್ತೆಯ ಅದೇ ಮಗ್ಗುಲಿಗೆ ನಿಂತಿದ್ದರೆ ‘ಇನ್ ಫ್ರಂಟ್ ಆಫ್ ದಿ ಟೆಂಪಲ್’. ರಸ್ತೆಯ ಆಚೆ ಬದಿಗೆ ಇದ್ದರೆ ‘ಆಪೊಸಿಟ್ ದಿ ಟೆಂಪಲ್.’ ಸಾಮಾನು ತರುವವನಿಗೆ ಇದನ್ನು ಸರಿಯಾಗಿ ಹೇಳಿದರೆ ಅವನು ಬಿಸಿಲಿನಲ್ಲಿ ಅಲೆಯುವುದು ತಪ್ಪುತ್ತದೆ.

ಇನ್ನೊಂದು ಮಾತು. ‘ರೀಚ್’ ಎಂಬ ಕ್ರಿಯಾಪದಕ್ಕೆ ಸ್ಥಳದ ಮುಂದೆ ಯಾವ ಪದವೂ ಬೇಡ. ‘ಐ ರೀಚ್ಡ್ ಚೆನ್ನೈ’ ಎಂದರೆ ಮುಗಿಯಿತು. ‘ರೀಚ್ಡ್ ಟು ಚೆನ್ನೈ’ ಎನ್ನಬಾರದು. ‘ಅರೈವ್’ ಆದರೋ, ಊರಿಗೆ ‘ಇನ್’, ಸ್ಟೇಷನ್ನಿಗೆ ‘ಅಟ್’ ಕೇಳುತ್ತದೆ.

ಅಭ್ಯಾಸ: ಬಿಟ್ಟ ಸ್ಥಳ ತುಂಬಿರಿ.
(ಅ) ಐ ವಾಸ್ ಬಾರ್ನ್ —— ಉಡುಪಿ.
(ಆ) ಹರ್ ಆಫೀಸ್ ಈಸ್ —— ಉಸ್ಮಾನ್ ರೋಡ್.
(ಇ) ದಿ ಟ್ರೈನ್ ಅರೈವ್ಡ್ —— ತಾಂಬರಂ ಸ್ಟೇಷನ್.

ಉತ್ತರ: ಇನ್, ಆನ್, ಅಟ್. ವಾಚಕರು ತಮ್ಮ ಸ್ವಂತ ವಿಳಾಸವನ್ನು ಇದೇ ಕ್ರಮದಲ್ಲಿ ಒಂದು ಪೂರ್ಣ ವಾಕ್ಯವಾಗಿ ಬರೆದು, ಎರಡು ಸಲ ಗಟ್ಟಿಯಾಗಿ ಓದಿಕೊಳ್ಳಲಿ.