ಕಾಫಿ ಹೆಪ್ಪುಗಟ್ಟಿದ ಲೆಕ್ಕ

ಬಿಸಿ ಕಾಫಿಯ ಲೋಟವೊಂದನ್ನು ಮೇಜಿನ ಮೇಲಿಟ್ಟರೆ ಹೊತ್ತು ಕಳೆದಂತೆ ಅದು ಆರುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಆರುತ್ತದೆ ಎಂಬುದನ್ನು ಗಣಕಯಂತ್ರದ ನೆರವಿನಿಂದ ಲೆಕ್ಕ ಹಾಕಿ ತರಬೇಕೆಂದು ನಾವು ಒಮ್ಮೆ ಪದವಿ ತರಗತಿಯೊಂದರಲ್ಲಿ ಹೇಳಿದೆವು. ಕಾಫಿಯ ಆರಂಭದ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್. ಕೊಠಡಿಯದು 25 ಡಿಗ್ರಿ. ಭೌತವಿಜ್ಞಾನವನ್ನೇ ಮುಖ್ಯವಿಷಯವಾಗಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನು ಮರುವಾರ ಬಲು ಅಂದವಾದ ನಕ್ಷೆಯೊಂದನ್ನು ತಂದನು. ಅದರ ಪ್ರಕಾರ ಕಾಫಿಯ ಉಷ್ಣತೆ 15ನೆಯ ನಿಮಿಷಕ್ಕೆ ಸೊನ್ನೆಗಿಂತಲೂ ಎರಡೂವರೆ ಡಿಗ್ರಿ ಕೆಳಗಿಳಿದು, 30ನೆಯ ನಿಮಿಷಕ್ಕೆ ಮತ್ತೆ 38.75 ಡಿಗ್ರಿಗೆ ಏರಿತ್ತು!

ನಿಜ ಹೇಳಬೇಕೆಂದರೆ, ನಕ್ಷೆಯ ಅಚ್ಚುಕಟ್ಟನ್ನು ಕಂಡು ನಾವೂ ಮೊದಲು ತಲೆದೂಗಿದೆವು. ಆ ತರಗತಿಯಲ್ಲಿ ಬೇರೆ ವಿಭಾಗದವರೂ ಇದ್ದರು. ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಕೊಠಡಿಗಿಂತಲೂ ಕಾಫಿ ತಣ್ಣಗಾಗುವುದು ಹೇಗೆ, ಸಾರ್? ಆಮೇಲೆ ಒಲೆಯಿಲ್ಲದೆ ಬಿಸಿಯಾಗುವುದು ಹೇಗೆ?” ಎಂದು ಕೇಳಿದಳು. ನಕ್ಷೆ ತಂದವನು, “ಯಂತ್ರವೇ ಹಾಗೆ ಕೊಟ್ಟಿತು, ಸಾರ್” ಎಂದನು.

ಸೂತ್ರವನ್ನು ಬಲ್ಲವನಿಗೆ ಕಾಣದ ತಪ್ಪು ಸೂತ್ರವನ್ನರಿಯದವಳಿಗೆ ಕಂಡದ್ದು ಹೇಗೆ? ಈ ಪ್ರಶ್ನೆ ನಮ್ಮನ್ನು ಇಂದಿನ ವಿದ್ಯಾಭ್ಯಾಸದ ಮುಖ್ಯ ವಿಚಾರವೊಂದಕ್ಕೆ ಕರೆದೊಯ್ಯುತ್ತದೆ. ಅದಕ್ಕೆ ಗಣನಾತ್ಮಕ ಚಿಂತನೆ ಎಂದು ಹೆಸರು. ಗಣಿತಜ್ಞನೂ ಶಿಕ್ಷಣ ಚಿಂತಕನೂ ಆದ ಸೀಮೋರ್ ಪೇಪರ್ಟ್ 1980ರ ತನ್ನ ಗ್ರಂಥದಲ್ಲಿ ಈ ಮಾತನ್ನು ಬಳಸಿದನು. 2006ರಲ್ಲಿ ಗಣಕವಿಜ್ಞಾನಿ ಜೀನೆಟ್ ವಿಂಗ್, ಓದು ಬರಹ ಲೆಕ್ಕಗಳಂತೆಯೇ ಇದೂ ಎಲ್ಲರೂ ಕಲಿಯಬೇಕಾದ ವಿದ್ಯೆಯೆಂದು ಲೇಖನವೊಂದರಲ್ಲಿ ವಾದಿಸಿದ ಮೇಲೆ ಅದು ಎಲ್ಲೆಡೆ ಪ್ರಚಾರಕ್ಕೆ ಬಂದಿತು.

ಗಣನಾತ್ಮಕ ಚಿಂತನೆಯೆಂದರೆ ಯಂತ್ರದಂತೆ ಯೋಚಿಸುವುದಲ್ಲ. ಮನುಷ್ಯನಾಗಲಿ ಯಂತ್ರವಾಗಲಿ ಹೆಜ್ಜೆಹೆಜ್ಜೆಯಾಗಿ ಬಿಡಿಸಬಹುದಾದ ರೂಪಕ್ಕೆ ಸಮಸ್ಯೆಯನ್ನು ತರುವ ಆಲೋಚನಾಕ್ರಮವೇ ಅದು. ಇದರಲ್ಲಿ ನಾಲ್ಕು ಕೆಲಸಗಳಿವೆ. ಸಮಸ್ಯೆಯನ್ನು ಸಣ್ಣ ಭಾಗಗಳಾಗಿ ಒಡೆಯುವುದು ಮೊದಲನೆಯದು. ಆ ಭಾಗಗಳಲ್ಲಿ ಮರುಕಳಿಸುವ ಹೋಲಿಕೆಯನ್ನು ಗುರುತಿಸುವುದು ಎರಡನೆಯದು. ಅನಾವಶ್ಯಕ ವಿವರಗಳನ್ನು ಬಿಟ್ಟು ಸಾರವನ್ನು ಉಳಿಸಿಕೊಳ್ಳುವುದು ಮೂರನೆಯದು. ಸಂದೇಹಕ್ಕೆ ಎಡೆಯಿಲ್ಲದಂತೆ ಕ್ರಮವಿಧಿಯನ್ನು ಬರೆಯುವುದು ನಾಲ್ಕನೆಯದು. ಇವುಗಳ ಜೊತೆಗೆ ಬಂದ ಉತ್ತರವನ್ನು ಲೋಕಾನುಭವಕ್ಕೆ ಒರೆಹಚ್ಚಿ ನೋಡಬೇಕು. ನಮ್ಮ ವಿದ್ಯಾರ್ಥಿ ಬಿಟ್ಟದ್ದು ಈ ಕಡೆಯ ಕೆಲಸವನ್ನು.

ಸಾಹಿತ್ಯದ ವಿದ್ಯಾರ್ಥಿನಿಗೆ ಇದೆಲ್ಲ ಹೊಸದೇನೂ ಅಲ್ಲ. ಪ್ರೌಢಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕುವುದನ್ನು ನಾವೆಲ್ಲರೂ ಕಲಿತಿದ್ದೇವಷ್ಟೆ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ ಗುರು, ಅದಕ್ಕೆ ಎರಡು. ಅನುಸ್ವಾರ ವಿಸರ್ಗಗಳಿಂದ ಕೂಡಿದ ಅಕ್ಷರವೂ, ಒತ್ತಕ್ಷರದ ಹಿಂದಿನ ಅಕ್ಷರವೂ ಗುರುವೇ. “ಕಾಫಿಯಾರಿತು” ಎಂಬ ಮಾತನ್ನೇ ತೆಗೆದುಕೊಳ್ಳೋಣ. ಕಾ ಗುರು, ಫಿ ಲಘು, ಯಾ ಗುರು, ರಿ ಮತ್ತು ತು ಲಘುಗಳು. ಮೊದಲು ಮೂರು ಮಾತ್ರೆ, ಆಮೇಲೆ ನಾಲ್ಕು ಮಾತ್ರೆ. ಭಾಮಿನಿ ಷಟ್ಪದಿಯ ನಡೆ! ಇಲ್ಲಿ ಸಾಲನ್ನು ಅಕ್ಷರಗಳಾಗಿ ಒಡೆದೆವು. ಅರ್ಥವನ್ನು ಬದಿಗಿಟ್ಟು ಉಚ್ಚಾರಣೆಯ ಕಾಲವನ್ನಷ್ಟೆ ಉಳಿಸಿಕೊಂಡೆವು. ನಿಯಮಗಳನ್ನು ಸಾಲಾಗಿ ಅನ್ವಯಿಸಿದೆವು. ಇದು ಗಣನಾತ್ಮಕ ಚಿಂತನೆಯಲ್ಲದೆ ಮತ್ತೇನು?

ಅಷ್ಟೇ ಅಲ್ಲ. ಹಳಗನ್ನಡದಲ್ಲಿ ಶಿಥಿಲದ್ವಿತ್ವವೆಂಬುದೊಂದುಂಟು. ಅಲ್ಲಿ ಒತ್ತಕ್ಷರವನ್ನು ತೇಲಿಸಿ ಉಚ್ಚರಿಸುವುದರಿಂದ ಅದರ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ನಿಯಮವನ್ನು ಕುರುಡಾಗಿ ಅನ್ವಯಿಸಿದವನಿಗೆ ಮಾತ್ರೆ ಹೆಚ್ಚಾಗುತ್ತದೆ. ಆಗ ಜಾಣ ವಿದ್ಯಾರ್ಥಿ ಪದ್ಯವನ್ನು ದೂರುವುದಿಲ್ಲ. ಗಟ್ಟಿಯಾಗಿ ಓದಿ, ಕಿವಿಯಿಂದ ಪರೀಕ್ಷಿಸಿ, ನಿಯಮದ ಎಲ್ಲೆಯನ್ನು ಅರಿಯುತ್ತಾನೆ. ಆ ವಿದ್ಯಾರ್ಥಿನಿ ಕಾಫಿಯ ನಕ್ಷೆಯನ್ನು ನೋಡಿದ್ದೂ ಇದೇ ಅಭ್ಯಾಸಬಲದಿಂದ ಎಂದು ನಾವು ನಂಬುತ್ತೇವೆ.

ಇನ್ನು ಕಾಫಿಯ ಲೆಕ್ಕಕ್ಕೆ ಮರಳೋಣ. ನ್ಯೂಟನ್ನನ ಶೀತಲೀಕರಣ ನಿಯಮದ ಪ್ರಕಾರ, ಕಾಫಿಗೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರ ಹೆಚ್ಚಾದಷ್ಟೂ ಕಾಫಿ ಬೇಗಬೇಗ ಆರುತ್ತದೆ. ಪ್ರತಿ ನಿಮಿಷಕ್ಕೂ ಅಂತರದ ಹತ್ತನೆಯ ಒಂದು ಪಾಲು ಇಳಿಯುವುದೆಂದು ಇಟ್ಟುಕೊಳ್ಳೋಣ. ಮೊದಲು ಅಂತರ 55 ಡಿಗ್ರಿ. ಒಂದು ನಿಮಿಷದಲ್ಲಿ 5.5 ಡಿಗ್ರಿ ಇಳಿದು ಕಾಫಿ 74.5ಕ್ಕೆ ಬರುತ್ತದೆ. ಈಗ ಅಂತರ 49.5, ಮುಂದಿನ ನಿಮಿಷದಲ್ಲಿ 4.95 ಇಳಿದು 69.55 ಆಗುತ್ತದೆ. ಮೂರನೆಯ ನಿಮಿಷದ ಕೊನೆಗೆ ಸುಮಾರು 65.1.

ಆದರೆ ಕಾಫಿ ನಿಮಿಷಕ್ಕೊಮ್ಮೆ ಎಚ್ಚೆತ್ತು ಆರುವುದಿಲ್ಲ. ಕ್ಷಣಕ್ಷಣಕ್ಕೂ ಆರುತ್ತಲೇ ಇರುತ್ತದೆ. ಹೆಜ್ಜೆಯನ್ನು ಅರ್ಧ ನಿಮಿಷಕ್ಕೆ ಇಳಿಸಿದರೆ ಮೂರು ನಿಮಿಷದ ಉತ್ತರ 65.4, ಕಾಲು ನಿಮಿಷಕ್ಕೆ ಇಳಿಸಿದರೆ 65.6. ಕಲನಶಾಸ್ತ್ರ ಕೊಡುವ ನಿಖರವಾದ ಉತ್ತರ ಸುಮಾರು 65.7. ಹೆಜ್ಜೆ ಕಿರಿದಾದಷ್ಟೂ ಸತ್ಯಕ್ಕೆ ಸಮೀಪ. ನಮ್ಮ ವಿದ್ಯಾರ್ಥಿ ಶ್ರಮ ಉಳಿಸಲೆಂದು ಹೆಜ್ಜೆಯನ್ನು 15 ನಿಮಿಷವಾಗಿ ಇಟ್ಟಿದ್ದನು. ನಿಮಿಷಕ್ಕೆ 5.5ರಂತೆ 15 ನಿಮಿಷಕ್ಕೆ 82.5 ಡಿಗ್ರಿ! 80ರಿಂದ ಅದನ್ನು ಕಳೆದು, ಸೊನ್ನೆಗಿಂತ ಕೆಳಗಿನ ಉತ್ತರವನ್ನು ಯಂತ್ರ ನಿರ್ವಿಕಾರವಾಗಿ ಒಪ್ಪಿಸಿತು. ಸರಿಯಾದ ಉತ್ತರ ಸುಮಾರು 37 ಡಿಗ್ರಿ. ಯಂತ್ರ ಕೂಡಿ ಕಳೆದದ್ದರಲ್ಲಿ ತಪ್ಪಿರಲಿಲ್ಲ. ಹೆಜ್ಜೆಯನ್ನು ಆರಿಸಿದ ಮನುಷ್ಯ ತಪ್ಪಿದ್ದನು.

ಈ ಲೆಕ್ಕದ ಸೊಗಸು ಕಾಫಿಗೆ ಮುಗಿಯುವುದಿಲ್ಲ. “ಈಗ ಇರುವುದರ ಒಂದು ಪಾಲಿನಷ್ಟು ಬದಲಾವಣೆ, ಅದನ್ನು ಸೇರಿಸಿ ಅಥವಾ ಕಳೆದು, ಮತ್ತೆ ಅದೇ ಕೆಲಸ” ಎಂಬುದು ಇದರ ಸಾರ. ವಾಣಿಜ್ಯದ ವಿದ್ಯಾರ್ಥಿ ಸಾಲದ ಕಂತನ್ನು ಹೀಗೆಯೇ ಲೆಕ್ಕ ಹಾಕಬಹುದು. ಸಾಲ 10,000 ರೂಪಾಯಿ, ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ, ಕಂತು 500 ಎಂದಾದರೆ ಮೊದಲ ತಿಂಗಳ ಕೊನೆಗೆ ಉಳಿಯುವುದು 9,600. ಎರಡನೆಯ ತಿಂಗಳಿಗೆ 9,196. ಅನೇಕ ಔಷಧಗಳು ರಕ್ತದಿಂದ ಕಡಿಮೆಯಾಗುವುದೂ, ಅನುಕೂಲ ಸನ್ನಿವೇಶದಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚುವುದೂ ಇದೇ ರೂಪದವು. ವಿಷಯಗಳು ಬೇರೆ, ಕ್ರಮವಿಧಿ ಒಂದೇ.

ಹಾಗಾದರೆ ಇದನ್ನು ಪದವಿ ವ್ಯಾಸಂಗದೊಳಗೆ ತರುವುದು ಹೇಗೆ? ಎಲ್ಲರಿಗೂ ಪ್ರತ್ಯೇಕವಾದ ಪಠ್ಯವೊಂದನ್ನು ಹೊರಿಸುವುದು ಸುಲಭವಾದ ಮಾರ್ಗ. ಅದಕ್ಕಿಂತ ಉತ್ತಮವಾದ ಮಾರ್ಗವೊಂದನ್ನು ಅಮೆರಿಕದ ಡಾರ್ಟ್‌ಮತ್ ಕಾಲೇಜು ಬಹು ಹಿಂದೆಯೇ ತೋರಿಸಿತು. ಅಲ್ಲಿನ ಗಣಿತ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಇಬ್ಬರಿಗೂ ಒಂದು ಸಂಗತಿ ಚೆನ್ನಾಗಿ ತಿಳಿದಿತ್ತು. ಆ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳು ವಿಜ್ಞಾನ, ಎಂಜಿನಿಯರಿಂಗುಗಳನ್ನು ಓದುವವರಲ್ಲ. ಆದರೆ ಮುಂದೆ ಆಡಳಿತ, ವ್ಯಾಪಾರಗಳಲ್ಲಿ ಯಂತ್ರದ ಬಳಕೆಯನ್ನು ನಿರ್ಧರಿಸುವವರು ಅವರೇ.

ಆಗಿನ ಗಣಕಯಂತ್ರಗಳನ್ನು ಬಳಸಬೇಕಾದರೆ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. ಕೆಮೆನಿ ಮತ್ತು ಕರ್ಟ್ಜ್ ಒಂದೇ ಯಂತ್ರದ ಕಾಲವನ್ನು ಅನೇಕರಿಗೆ ಹಂಚುವ ವ್ಯವಸ್ಥೆಯನ್ನೂ, ಸರಳವಾದ ಇಂಗ್ಲಿಷ್ ಪದಗಳಿಂದ ಕೂಡಿದ ಬೇಸಿಕ್ ಎಂಬ ಭಾಷೆಯನ್ನೂ ರೂಪಿಸಿದರು. 1964ನೆಯ ಮೇ 1ರ ನಸುಕಿನಲ್ಲಿ ಬೇಸಿಕ್ ಮೊದಲ ಬಾರಿಗೆ ಕೆಲಸ ಮಾಡಿತು. ವ್ಯವಸ್ಥೆಯ ಬಹುಭಾಗವನ್ನು ಬರೆದವರು ಪದವಿ ತರಗತಿಯ ವಿದ್ಯಾರ್ಥಿಗಳೇ ಎಂಬುದು ಗಮನಿಸತಕ್ಕ ಅಂಶ. ಈ ಕಲಿಕೆಯನ್ನು ಅವರು ಮೊದಲ ವರ್ಷದ ಗಣಿತಪಾಠದೊಳಗೇ ಕೆಲವು ಉಪನ್ಯಾಸಗಳಾಗಿ ಸೇರಿಸಿದರು. ಗ್ರಂಥಾಲಯದ ಪುಸ್ತಕಗಳಂತೆ ಯಂತ್ರವೂ ಎಲ್ಲ ವಿದ್ಯಾರ್ಥಿಗಳಿಗೆ ತೆರೆದಿರಬೇಕೆಂಬುದು ಅವರ ನಿಲುವು. 2015ರಲ್ಲಿ ಬರ್ಕಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಎಲ್ಲ ವಿಭಾಗಗಳವರಿಗೂ ದತ್ತಾಂಶ ವಿಜ್ಞಾನದ ಪ್ರವೇಶಪಾಠವನ್ನು ಆರಂಭಿಸಿದಾಗ, ಅದನ್ನು ಬೇರೆ ಬೇರೆ ಶಾಸ್ತ್ರಗಳೊಡನೆ ಬೆಸೆಯುವ ಕಿರುಪಾಠಗಳನ್ನೂ ಜೊತೆಗಿಟ್ಟಿತು.

ನಮ್ಮ ಕಾಲೇಜುಗಳಲ್ಲಿಯೂ ಇಂತಹ ಆರಂಭಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ಪ್ರತಿಯೊಬ್ಬ ಅಧ್ಯಾಪಕರೂ ತಮ್ಮ ವಿಷಯದಲ್ಲಿಯೇ ಒಂದು ಸಮಸ್ಯೆಯನ್ನು ಆರಿಸಿ, ಅದನ್ನು ಹೆಜ್ಜೆಗಳಾಗಿ ಬರೆಯಿಸಿ, ಉತ್ತರ ಎಲ್ಲಿ ಕೆಡಬಹುದೆಂದು ವಿದ್ಯಾರ್ಥಿಗಳಿಂದಲೇ ಹುಡುಕಿಸಿದರೆ ಸಾಕು.

ಇಂದು ಕೇಳಿದೊಡನೆ ಪ್ರೋಗ್ರಾಮನ್ನೂ ತಾನೇ ಬರೆದುಕೊಡುವ ಯಂತ್ರಗಳು ಬಂದಿವೆ. ಇನ್ನು ಈ ಕಲಿಕೆ ಏಕೆ ಎಂದು ಕೇಳುವವರುಂಟು. ಆದರೆ ಬರೆಯುವ ಶ್ರಮ ತಪ್ಪಿದಷ್ಟೂ ಪರೀಕ್ಷಿಸುವ ಹೊಣೆ ಹೆಚ್ಚುತ್ತದೆ. ಇಲ್ಲಿ ಕೆಟ್ಟದ್ದು ಒಂದು ಲೋಟ ಕಾಫಿಯ ಲೆಕ್ಕ. ಅದೇ ತಪ್ಪು ರೋಗಿಗೆ ಕೊಡಬೇಕಾದ ಔಷಧದ ಪ್ರಮಾಣದಲ್ಲಿ ಆದರೆ “ಯಂತ್ರವೇ ಹಾಗೆ ಕೊಟ್ಟಿತು” ಎಂಬುದು ಉತ್ತರವಾಗಲಾರದು. ಹಾಗೆಂದು ಎಲ್ಲವೂ ಲೆಕ್ಕಕ್ಕೆ ಸಿಕ್ಕುತ್ತದೆಯೆಂದೂ ಭ್ರಮಿಸಬಾರದು. ಪ್ರಸ್ತಾರ ಪದ್ಯದ ಛಂದಸ್ಸನ್ನು ಹೇಳೀತು; ಅದರ ರಸವನ್ನು ಹೇಳಲಾರದು. ಯಾವುದನ್ನು ಲೆಕ್ಕಕ್ಕೆ ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಕವೂ ಈ ಚಿಂತನೆಯ ಭಾಗವೇ.

ಕಡೆಗೆ ವಾಚಕರಿಗೊಂದು ಅಭ್ಯಾಸ. ಇದಕ್ಕೆ ಕಾಗದ, ಪೆನ್ಸಿಲು ಸಾಕು. ಇದೇ ಕಾಫಿಯ ಲೆಕ್ಕವನ್ನು 10 ನಿಮಿಷದ ಹೆಜ್ಜೆಯಿಂದ ಒಮ್ಮೆ, 20 ನಿಮಿಷದ ಹೆಜ್ಜೆಯಿಂದ ಒಮ್ಮೆ, 25 ನಿಮಿಷದ ಹೆಜ್ಜೆಯಿಂದ ಮತ್ತೊಮ್ಮೆ ಮಾಡಿರಿ. ಪ್ರತಿಯೊಂದರಲ್ಲೂ ನಾಲ್ಕು ಹೆಜ್ಜೆ ಮುಂದೆ ಹೋಗಿರಿ. ಮೂರರಲ್ಲಿಯೂ ಉತ್ತರಗಳ ನಡೆ ಬೇರೆ ಬೇರೆಯಾಗಿರುವುದು ಕಾಣುತ್ತದೆ. ಹಾಗೇಕೆ ಎಂಬುದನ್ನು ಯಾರನ್ನೂ, ಯಾವ ಯಂತ್ರವನ್ನೂ ಕೇಳುವ ಮೊದಲು, ನಿಮ್ಮದೇ ಮಾತಿನಲ್ಲಿ ಎರಡು ಸಾಲು ಬರೆದು ನೋಡಿರಿ.