ಬೆಳವದ ಹೆಸರು ಬದಲಾದದ್ದೇಕೆ? – ವರ್ಗೀಕರಣ ಪಾಠದ ಒಂದು ಅನುಭವ

ಅಭ್ಯಾಸ ಬೋಧನೆಯಲ್ಲಿ ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ‘ಜೀವಿಗಳ ವರ್ಗೀಕರಣ’ ಘಟಕವನ್ನು ಬೋಧಿಸಿದೆ. ಉದಾಹರಣೆಗೆ ಹುಲಿ–ಸಿಂಹಗಳ ಬದಲು ಬೆಳವವನ್ನು ಆರಿಸಿಕೊಂಡೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಹೊಲದ ಬದುವಿನಲ್ಲಿ, ಕರೆಂಟಿನ ತಂತಿಯ ಮೇಲೆ ಅದನ್ನು ನೋಡದ ಮಕ್ಕಳಿಲ್ಲ.

ಮೊದಲ ಪಾಠ

ನನ್ನ ಹಳೆಯ ಪುಸ್ತಕ ನೋಡಿ, ಚಿಕ್ಕ ಕಂದು ಬೆಳವದ ವೈಜ್ಞಾನಿಕ ಹೆಸರು ‘ಸ್ಟ್ರೆಪ್ಟೋಪೀಲಿಯ ಸೆನೆಗಲೆನ್ಸಿಸ್’ ಎಂದು ಹಲಗೆಯ ಮೇಲೆ ಬರೆದೆ. ಶಾಲಾ ಗ್ರಂಥಾಲಯದ ಪುಸ್ತಕ ಹಿಡಿದಿದ್ದ ಹುಡುಗಿಯೊಬ್ಬಳು ಎದ್ದು, “ಸರ, ಇದರಾಗ ಸ್ಪೈಲೋಪೀಲಿಯ ಅಂತ ಅದ. ಯಾವುದು ಖರೆ?” ಎಂದಳು. “ಮುದ್ರಣದೋಷ ಇರಬೇಕು, ಕೂಡಮ್ಮ” ಎಂದೆ. ಅವಳು ತಾನು ಬರೆದುಕೊಂಡಿದ್ದನ್ನು ಹೊಡೆದುಹಾಕಿದಳು. ಅಂದು ಸಂಜೆ ಹುಡುಕಿದಾಗ ತಿಳಿಯಿತು: ದೋಷ ಪುಸ್ತಕದ್ದಲ್ಲ, ನನ್ನದು.

ವಿಷಯ

1766ರಲ್ಲಿ ಲಿನೇಯಸ್ ಈ ಹಕ್ಕಿಯನ್ನು ಪಾರಿವಾಳದ ‘ಕೊಲಂಬ’ ಕುಲದಲ್ಲಿಟ್ಟಿದ್ದ. ಮುಂದೆ ಅದು ಸ್ಟ್ರೆಪ್ಟೋಪೀಲಿಯ ಕುಲಕ್ಕೆ ಬಂತು. 2001ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವು ಚಿಕ್ಕ ಕಂದು ಬೆಳವ ಮತ್ತು ಚುಕ್ಕೆ ಬೆಳವ ಎರಡೂ ಪ್ರತ್ಯೇಕ ಕವಲು ಎಂದು ತೋರಿಸಿತು. ಆದ್ದರಿಂದ ಇವೆರಡನ್ನು ಈಗ ಸ್ಪೈಲೋಪೀಲಿಯ ಕುಲದಲ್ಲಿ ಇಡುತ್ತಾರೆ. ಬದಲಾದದ್ದು ಕುಲದ ಹೆಸರು ಮಾತ್ರ. ‘ಸೆನೆಗಲೆನ್ಸಿಸ್’ ಹಾಗೆಯೇ ಉಳಿಯಿತು.

ಎರಡನೇ ಪಾಠ

ಮರುದಿನ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣೆಗೆ ಕುಳಿತಿದ್ದರು. ಅಂಕದ ಭಯವಿತ್ತು. ಆದರೂ “ನಿನ್ನೆ ಅವಳು ಹೇಳಿದ್ದೇ ಸರಿ, ನಾನು ತಪ್ಪು ಹೇಳಿದೆ” ಎಂದೇ ಪಾಠ ಆರಂಭಿಸಿದೆ.

ನಾಲ್ಕು ಬೆಳವಗಳ ಚಿತ್ರ ಕೊಟ್ಟು, ಕೊರಳು ನೋಡಿ ಗುಂಪು ಮಾಡಲು ಹೇಳಿದೆ. ಕೊರಳ ಹಿಂದೆ ಕರಿ ಪಟ್ಟಿ ಇರುವ ಬೂದು ಬೆಳವ, ಕೆಂಪು ಬೆಳವ ಒಂದು ಕಡೆ. ಕೊರಳಲ್ಲಿ ಚುಕ್ಕೆಗಳಿರುವ ಎರಡು ಇನ್ನೊಂದು ಕಡೆ. ಮಕ್ಕಳು ಮಾಡಿದ್ದು ಇಂದಿನ ಎರಡು ಕುಲಗಳನ್ನೇ!

ಹಾಗಾದರೆ ರೂಪ ನೋಡಿದರೆ ಸಾಕೇ? ಐದನೆಯದಾಗಿ ಮಡಗಾಸ್ಕರ್ ದ್ವೀಪದ ಬೆಳವದ ಚಿತ್ರ, ಆರನೆಯದಾಗಿ ಮಾರಿಷಸ್ಸಿನ ಗುಲಾಬಿ ಪಾರಿವಾಳದ ಚಿತ್ರ ತೋರಿಸಿದೆ. ಮಡಗಾಸ್ಕರಿನದನ್ನು ಮಕ್ಕಳು ನಮ್ಮ ಬೆಳವಗಳ ಜೊತೆ ಸೇರಿಸಿದರು. ವಿಜ್ಞಾನಿಗಳೂ ಮೊದಲು ಹಾಗೆಯೇ ಸೇರಿಸಿದ್ದರು. ಆದರೆ ಅದರ ಹತ್ತಿರದ ನಂಟು ಗುಲಾಬಿ ಪಾರಿವಾಳ ಎಂದು ಅದೇ ಡಿಎನ್‌ಎ ಅಧ್ಯಯನ ತೋರಿಸಿತು. ಇಂದು ಎರಡೂ ‘ನೆಸೋಯೀನಸ್’ ಎಂಬ ಪುಟ್ಟ ಕುಲದಲ್ಲಿವೆ. ಗ್ರೀಕ್ ಭಾಷೆಯಲ್ಲಿ ಅದರರ್ಥ ದ್ವೀಪದ ಪಾರಿವಾಳ. “ಅಂದ್ರ ಮಾರಿ ನೋಡಿ ಬೀಗರು ಅನ್ನಬಾರದು, ಸರ” ಎಂದ ಒಬ್ಬ. ಪಾಠದ ಉದ್ದೇಶವನ್ನು ನನಗಿಂತ ಚೆನ್ನಾಗಿ ಅವನೇ ಹೇಳಿದ.

ಕಲಿತದ್ದು

ವರ್ಗೀಕರಣವನ್ನು ಬಾಯಿಪಾಠದ ಪಟ್ಟಿಯಾಗಿ ಕೊಟ್ಟರೆ, ಹೆಸರು ಬದಲಾದಾಗ ಮಗುವಿಗೆ ಅದು ತಪ್ಪಿನಂತೆ ಕಾಣುತ್ತದೆ. ಪುರಾವೆಯಿಂದ ಕಟ್ಟಿದ ತೀರ್ಮಾನವೆಂದು ಕೊಟ್ಟರೆ, ಬದಲಾವಣೆಯೇ ಪಾಠವಾಗುತ್ತದೆ. ಮಗುವಿನ ಪುಸ್ತಕ ನಮ್ಮದಕ್ಕಿಂತ ಹೊಸದಿರಬಹುದು. “ನೋಡಿ ಹೇಳುತ್ತೇನೆ” ಎನ್ನುವುದರಿಂದ ಶಿಕ್ಷಕರ ಗೌರವ ಕಡಿಮೆಯಾಗುವುದಿಲ್ಲ. ಆ ಹುಡುಗಿ ಹೊಡೆದುಹಾಕಿದ್ದ ಹೆಸರನ್ನು ಅದರ ಕೆಳಗೆ ಮತ್ತೆ ಬರೆದುಕೊಂಡಳು. ನನ್ನ ಪಾಠಯೋಜನೆಯಲ್ಲಿ ನಾನೂ ತಿದ್ದಿಕೊಂಡೆ.